ಪಹಣಿಯಲ್ಲಿ ಯಾರ ಹೆಸರು? ನಾಲ್ಕು ತಾಲ್ಲೂಕುಗಳ ಪರಂಪರೆ ಮತ್ತು ಅದರ ಕಾವಲು

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಬಂದವರು ಮೊದಲು ಕೇಳುವುದು ಪುಷ್ಕರಣಿ ಎಲ್ಲಿ ಎಂದು. ಊರಿನವರ ಬಾಯಲ್ಲಿ ಅದು ಹೊಂಡ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಗಾರೆ ಕೆಲಸದ ಕಮಾನುಗಳ ವಸಂತ ಮಂಟಪ, ದಡದಲ್ಲಿ ಅಳಿದು ಉಳಿದ ಸಣ್ಣ ಮಂಟಪಗಳು, ಪಕ್ಕದಲ್ಲೇ ಎತ್ತರದ ಮುಸಾಫಿರ್‌ಖಾನೆ. ಹೊಂಡ ಹದಿನಾರನೇ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕನ ಹೆಸರಿಗಿದೆ. ಮುಸಾಫಿರ್‌ಖಾನೆ ಹದಿನೇಳನೇ ಶತಮಾನದ್ದು, ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ್ದು. ಎರಡೂ ಇವತ್ತು ಒಂದೇ ಆವರಣದಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿವೆ. ಬೇಲಿಯುಂಟು, ಫಲಕವುಂಟು, ಕಾವಲುಂಟು.

ಅದೇ ತಾಲ್ಲೂಕಿನ ಸೂಳೆಕೆರೆಗೆ ಇಂಥ ಫಲಕದ ಭಾಗ್ಯವಿಲ್ಲ. ಶಾಂತಿಸಾಗರ ಎಂದು ಕರೆಸಿಕೊಳ್ಳುವ ಈ ಕೆರೆಯನ್ನು ಶಾಂತವ್ವೆ ಕಟ್ಟಿಸಿದಳೆಂದು ಜನ ಕಥೆ ಹೇಳುತ್ತಾರೆ. ಎರಡು ಗುಡ್ಡಗಳ ಸಂದಿಯಲ್ಲಿ ಹರಿದ್ರಾ ಹಳ್ಳವನ್ನು ತಡೆದು ನಿಲ್ಲಿಸಿದ ಏರಿ ಉದ್ದಕ್ಕಿಂತ ಅಗಲ ಮತ್ತು ಗಟ್ಟಿತನಕ್ಕೇ ಹೆಸರಾದದ್ದು. ಸಿದ್ಧನಾಲೆ, ಬಸವನಾಲೆಗಳಲ್ಲಿ ಇವತ್ತಿಗೂ ನೀರು ಗದ್ದೆ ತೋಟಗಳಿಗೆ ಹರಿಯುತ್ತದೆ. ಚಿತ್ರದುರ್ಗ ನಗರ ಕುಡಿಯುವುದೂ ಇದೇ ಕೆರೆಯ ನೀರನ್ನು. ಶತಮಾನಗಳ ಹಿಂದಿನ ಎಂಜಿನಿಯರಿಂಗ್ ಇದಕ್ಕಿಂತ ದೊಡ್ಡದಾಗಿ ಈ ಸೀಮೆಯಲ್ಲಿ ಮತ್ತೆಲ್ಲೂ ಕಾಣದು. ಆದರೂ ಕಾಗದದಲ್ಲಿ ಅದು ನೀರಾವರಿಯ ಆಸ್ತಿ. ತೂಬು ಕೆಟ್ಟರೆ ರಿಪೇರಿಯಾಗುತ್ತದೆ. ಹಳೆಯ ಕಲ್ಲುಕಟ್ಟಡವನ್ನು ಹಳೆಯ ರೀತಿಯಲ್ಲೇ ಉಳಿಸಿಕೊಳ್ಳಬೇಕೆಂದು ಹೇಳುವ ಕಡತ ಬೇರೆ ಇಲಾಖೆಯದು.

ಒಂದು ಸ್ಮಾರಕ ಉಳಿಯುವುದು ಅಥವಾ ಅಳಿಯುವುದು ಅದರ ವಯಸ್ಸಿನಿಂದಲೋ ಚೆಲುವಿನಿಂದಲೋ ತೀರ್ಮಾನವಾಗುವುದು ಅಪರೂಪ. ಪಹಣಿಯಲ್ಲಿ ಯಾರ ಹೆಸರಿದೆ, ಯಾವ ಕಚೇರಿಯ ಪಟ್ಟಿಯಲ್ಲಿ ಅದು ಸೇರಿದೆ ಎಂಬುದೇ ಬಹಳ ಸಲ ಕೊನೆಯ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿದರೆ ಇದು ಊರೂರಿಗೂ ಕಾಣುತ್ತದೆ.

ಈ ಸೀಮೆಯ ಚರಿತ್ರೆಯನ್ನು ದಾಖಲಿಸುವ ಕೆಲಸ ಶುರುವಾದದ್ದು ಮೈಸೂರು ಅರಸರ ಕಾಲದಲ್ಲಿ. 1885ರಲ್ಲಿ ಪುರಾತತ್ವ ಇಲಾಖೆ ಹುಟ್ಟಿತು, ಬಿ.ಎಲ್. ರೈಸ್ ಅದರ ಮೊದಲ ನಿರ್ದೇಶಕರು. ಹಳ್ಳಿಹಳ್ಳಿಯ ಕಲ್ಲುಗಳನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದ ಆ ಶ್ರಮ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ ಬಂತು. ಹೊನ್ನಾಳಿ, ಚನ್ನಗಿರಿಯ ಶಾಸನಗಳು 1902ರ ಏಳನೇ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯ ಲೆಕ್ಕದಲ್ಲಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಗೆ ಮೀಸಲಾದ ಹನ್ನೊಂದನೆಯದರಲ್ಲಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗಿ, ಈ ಮೂರೂ ತಾಲ್ಲೂಕುಗಳು ಅದಕ್ಕೆ ಸೇರಿದವು. ಕಳೆದ ದಶಕದಲ್ಲಿ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಹೀಗಾಗಿ ಹನ್ನೆರಡು–ಹದಿಮೂರನೇ ಶತಮಾನಗಳಲ್ಲಿ ಸಿಂದ ಅರಸರ ನೆಲೆಯಾಗಿದ್ದ ಬೆಳಗುತ್ತಿ ಇವತ್ತು ನ್ಯಾಮತಿ ತಾಲ್ಲೂಕಿನ ಊರಾದರೂ, ಅಲ್ಲಿನ ಶಾಸನ ಹುಡುಕುವವರು ಇನ್ನೂ ಹೊನ್ನಾಳಿಯ ಪುಟಗಳನ್ನೇ ತಿರುವಬೇಕು. ಗಡಿ ಬದಲಾದಂತೆ ಕಡತಗಳು ಅಲೆದಾಡುತ್ತವೆ. ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. ಮೈಸೂರು ಸಂಸ್ಥಾನ 1925ರಲ್ಲೇ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ನಿಬಂಧನೆ ತಂದಿತ್ತು. ಕೇಂದ್ರದ ಕಾಯ್ದೆ 1958ರದ್ದು, ರಾಜ್ಯದ್ದು 1961ರದ್ದು. ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯ ಸ್ಮಾರಕಗಳು 500ಕ್ಕೂ ಹೆಚ್ಚು. ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪಟ್ಟಿಯಲ್ಲಿರುವುದು 800ಕ್ಕೂ ಹೆಚ್ಚು. ಕೇಂದ್ರದ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. 2010ರ ತಿದ್ದುಪಡಿ ಇದನ್ನು ಕಾಯ್ದೆಯೊಳಕ್ಕೇ ಸೇರಿಸಿತು. ಹೊಂಡದ ಅಕ್ಕಪಕ್ಕ ಮನೆಯಿರುವವರಿಗೆ ಈ ಅಳತೆ ತಲೆನೋವೂ ಹೌದು, ಹೊಂಡಕ್ಕೆ ರಕ್ಷೆಯೂ ಹೌದು.

ರಾಜ್ಯ ಸರ್ಕಾರ ಒಂದು ಹೊಸ ಸ್ಥಳವನ್ನು ರಕ್ಷಿಸಹೊರಟರೆ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡಬೇಕು. ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಅಂಟಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟು, ಬಂದ ಆಕ್ಷೇಪಣೆಗಳನ್ನು ವಿಚಾರಿಸಿದ ಮೇಲೆ ಅಂತಿಮ ಅಧಿಸೂಚನೆ. ಇಷ್ಟಾಗಲು ಸರ್ವೆ ನಂಬರು, ಚಕ್ಕುಬಂದಿ, ನಕ್ಷೆ ಸರಿಯಾಗಿರಬೇಕು. ಗುಡಿ ಗೋಮಾಳದಲ್ಲಿದ್ದರೆ ಒಂದು ದಾರಿ, ಖಾಸಗಿ ಹೊಲದಲ್ಲಿದ್ದರೆ ಇನ್ನೊಂದು. ಕಡತ ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ.

ಪೂಜೆ ನಡೆಯುವ ಗುಡಿಗಳ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟು ಮುಜರಾಯಿಗೆ ಸೇರಿದವು. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ಆದಾಯದವು ‘ಎ’, 5ರಿಂದ 25 ಲಕ್ಷದವು ‘ಬಿ’, ಅದಕ್ಕಿಂತ ಕಡಿಮೆಯವು ‘ಸಿ’. ಹಳ್ಳಿಯ ಹಳೆಯ ಕಲ್ಲುಗುಡಿಗಳು ಹೆಚ್ಚಾಗಿ ‘ಸಿ’ಗೇ ಸೇರುತ್ತವೆ; ತಸ್ತೀಕಿನ ಹಣ ಎಣ್ಣೆಬತ್ತಿಗೆ, ಅರ್ಚಕರಿಗೆ ಮುಗಿಯುತ್ತದೆ. ಸೂರು ಸೋರಿದಾಗ ಊರವರೇ ಚಂದಾ ಎತ್ತುತ್ತಾರೆ. ಭಕ್ತಿಗೆ ಕೊರತೆಯಿಲ್ಲದ್ದರಿಂದ ಕೆಲಸವೂ ಬೇಗ ಆಗುತ್ತದೆ: ಮಾಳಿಗೆಗೆ ಸಿಮೆಂಟು, ಕಂಬಗಳಿಗೆ ಎನಾಮೆಲ್ ಬಣ್ಣ, ನೆಲಕ್ಕೆ ಟೈಲ್ಸು.

ಅನಾಹುತ ಆಗುವುದು ಇಲ್ಲಿಯೇ. ಹಳೆಯ ಗೋಡೆಗೆ ಉಸಿರಾಟ ಬೇಕು. ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಉಪ್ಪು ಹೊರಬಂದು ಕಲ್ಲಿನ ಮೈ ಪದರ ಪದರವಾಗಿ ಏಳುತ್ತದೆ. ಪದ್ಧತಿ ಬಲ್ಲವರು ಸುಣ್ಣವನ್ನು ನೆನೆಹಾಕಿ, ಮರಳಿನೊಡನೆ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿ ಗಾರೆ ಹದಗೊಳಿಸುತ್ತಾರೆ. ಗುಡಿ ವಾಲಿದ್ದರೆ ಪ್ರತಿ ಕಲ್ಲಿಗೂ ನಂಬರು ಬರೆದು, ಫೋಟೊ ತೆಗೆದು, ಬಿಚ್ಚಿ, ಬುನಾದಿ ಭದ್ರಮಾಡಿ, ಅದೇ ಕ್ರಮದಲ್ಲಿ ಮರಳಿ ಜೋಡಿಸುತ್ತಾರೆ. 1991ರಲ್ಲಿ ಆರಂಭವಾದ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ 200ಕ್ಕೂ ಹೆಚ್ಚು ಗುಡಿಗಳನ್ನು ಹೀಗೆ ಎತ್ತಿ ನಿಲ್ಲಿಸಿದೆ. ಖರ್ಚಿನಲ್ಲಿ ಸರ್ಕಾರದ್ದು ಶೇ 40, ಟ್ರಸ್ಟಿನದು ಶೇ 40, ಊರವರದು ಶೇ 20 ಎಂಬ ಅದರ ಏರ್ಪಾಡು ಚಂದಾ ಎತ್ತುವ ಯಾವ ಊರಿಗೂ ದಾರಿ ತೋರಬಲ್ಲದು.

ಯಾವ ಪಟ್ಟಿಯಲ್ಲೂ ಇಲ್ಲದವು ವೀರಗಲ್ಲುಗಳು, ಮಾಸ್ತಿಕಲ್ಲುಗಳು. ವೀರಗಲ್ಲಿನ ಕೆಳ ಪಟ್ಟಿಕೆಯಲ್ಲಿ ತುರು ಕಾಯಲು ಹೋರಾಡಿದ ಬಂಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೂತ ಅವನೇ, ತುದಿಯಲ್ಲಿ ಸೂರ್ಯಚಂದ್ರರು. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಒಂದು ಕೈ. ಅರಸರ ಶಾಸನದಲ್ಲಿ ಜಾಗ ಸಿಗದ ಸಾಮಾನ್ಯರ ಚರಿತ್ರೆ ಇರುವುದು ಈ ಕಲ್ಲುಗಳಲ್ಲೇ. ಇವು ಬದುವಿಗೆ, ಬಟ್ಟೆ ಒಗೆಯಲು, ಚರಂಡಿಯ ಮೇಲಿನ ಹಾಸಿಗೆ ಹೋಗುತ್ತವೆ. ಉಳಿದ ಕೇಡನ್ನು ನಿಧಿಗಳ್ಳರು ಪೂರೈಸುತ್ತಾರೆ.

ಕಲ್ಲಿಲ್ಲದ ಪರಂಪರೆಗೂ ಈ ಸೀಮೆ ನೆಲೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯ ಜಯಂತಿಗೆ ನೆರೆರಾಜ್ಯಗಳ ತಾಂಡಾಗಳಿಂದಲೂ ಬಂಜಾರರು ಬರುತ್ತಾರೆ. ಜಗಳೂರಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ವನ್ಯಧಾಮ. ಅಲ್ಲಿನ ಗುಡ್ಡಕ್ಕೆ ಯಜಮಾನಿಕೆ ಅರಣ್ಯ ಇಲಾಖೆಯದು. ಮತ್ತೊಂದು ಇಲಾಖೆ, ಮತ್ತೊಂದು ಕಡತ.

ಸರ್ಕಾರದ ಕೈಗೆ ಎಲ್ಲವೂ ನಿಲುಕುವುದಿಲ್ಲ ಎಂಬುದನ್ನು ಸರ್ಕಾರವೂ ಒಪ್ಪಿದೆ. ರಾಜ್ಯ ಇಲಾಖೆ ಗ್ರಾಮವಾರು ಸಮೀಕ್ಷೆ ನಡೆಸುತ್ತ ಬಂದಿದೆ. ಸಂಘಸಂಸ್ಥೆಗಳು, ಕಂಪನಿಗಳು ಸ್ಮಾರಕವನ್ನು ದತ್ತು ಪಡೆಯುವ ಯೋಜನೆಯನ್ನೂ ತಂದಿದೆ. ಆದರೆ ದತ್ತು ಕೊಡಬೇಕಾದರೂ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು.

ಈ ಸಂಚಿಕೆ ಕೈಗೆ ಬಂದವರು ತಮ್ಮೂರಿನ ಮಟ್ಟಿಗೆ ಒಂದು ಕೆಲಸ ಮಾಡಬಹುದು. ಊರಿನ ಶಾಸನ, ವೀರಗಲ್ಲು, ಹಾಳುಗುಡಿ, ಕಲ್ಯಾಣಿಗಳ ಫೋಟೊ ತೆಗೆದು, ಸರ್ವೆ ನಂಬರಿನೊಡನೆ ಪಟ್ಟಿ ಮಾಡಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ತಹಸೀಲ್ದಾರರಿಗೂ ಇನ್ನೊಂದನ್ನು ಪುರಾತತ್ವ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಜೀರ್ಣೋದ್ಧಾರಕ್ಕೆ ಸಿಮೆಂಟು ತರಿಸುವ ಮುನ್ನ ಇಲಾಖೆಯವರನ್ನು ಒಂದು ಮಾತು ಕೇಳಿ.