ಶೀತದ ಮಾತ್ರೆಯ ಹಿಂದಿನ ಚರಿತ್ರೆ

ಮಳೆಗಾಲ ಹಿಡಿಯಿತೆಂದರೆ ನಮ್ಮಲ್ಲಿ ಮೂಗು ಕಟ್ಟದ ಮನೆಯೇ ಇಲ್ಲ. ಮದ್ದಿನ ಅಂಗಡಿಗೆ ಹೋಗಿ "ಶೀತಕ್ಕೊಂದು ಮಾತ್ರೆ ಕೊಡಿ" ಅನ್ನುತ್ತೇವೆ. ಒಳಗೇನಿದೆ ಎಂದು ಕೇಳುವವರು ಕಡಿಮೆ. ಅನೇಕ ಮಾತ್ರೆಗಳ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಫಿನೈಲ್‌ಎಫ್ರಿನ್ ಎಂಬ ಹೆಸರಿರುತ್ತದೆ. ಅದರ ಚರಿತ್ರೆ ನಮ್ಮ ಓದುಗರಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವಲ್ಲ; ಒಳಗಿನ ಸಣ್ಣ ರಕ್ತನಾಳಗಳು ಉಬ್ಬಿ ಉಸಿರಿನ ದಾರಿ ಕಿರಿದಾಗುತ್ತದೆ. ಆ ನಾಳಗಳನ್ನು ಕುಗ್ಗಿಸುವ ಗುಣ ಚೀನಾದ ಹಳೆಯ ಮದ್ದಿನ ಗಿಡ ಮಾ ಹುವಾಂಗ್‌ನಲ್ಲಿತ್ತು. 1885ರಲ್ಲಿ ಜಪಾನಿನ ನಾಗಾಯಿ ನಾಗಯೋಶಿ ಅದರಿಂದ ಎಫೆಡ್ರಿನ್ ಬೇರ್ಪಡಿಸಿದರು. ಅದೇ ಗಿಡದ ಸೂಡೋಎಫೆಡ್ರಿನ್ ಮುಂದೆ ಶೀತದ ಮಾತ್ರೆ ಸೇರಿತು. ಅದು ಕಟ್ಟಿದ ಮೂಗನ್ನು ಬಿಡಿಸುತ್ತಿತ್ತು, ನಿಜ. ಆದರೆ ಅಮೆರಿಕದಲ್ಲಿ ಕಳ್ಳದಂಧೆಯವರು ಅದರಿಂದಲೇ ಮೆಥಾಂಫೆಟಮಿನ್ ಎಂಬ ಅಮಲು ಪದಾರ್ಥ ತಯಾರಿಸತೊಡಗಿದರು. 2006ರಲ್ಲಿ ಅಲ್ಲಿ ಬಿಗಿ ಕಾನೂನು ಬಂತು: ಗುರುತಿನ ಚೀಟಿ ತೋರಿಸಿ, ರುಜು ಹಾಕಿದರೆ ಮಾತ್ರ ಮಾತ್ರೆ.

ಗಿರಾಕಿ ತಪ್ಪಬಾರದಲ್ಲ! ಕಂಪೆನಿಗಳು ಆ ಜಾಗಕ್ಕೆ ಫಿನೈಲ್‌ಎಫ್ರಿನ್ ತಂದವು. 1976ರಲ್ಲೇ ಅಮೆರಿಕದ ತಜ್ಞರ ಸಮಿತಿಯೊಂದು ಅದನ್ನು ಒಪ್ಪಿತ್ತು. ಮೂಗಿಗೆ ನೇರವಾಗಿ ಹನಿ ಹಾಕಿದರೆ ಅದು ಕೆಲಸ ಮಾಡುತ್ತದೆ. ನುಂಗಿದರೆ ಮಾತ್ರ ಕರುಳು, ಪಿತ್ತಜನಕಾಂಗಗಳೇ ಬಹುಪಾಲನ್ನು ಮುಗಿಸಿಬಿಡುತ್ತವೆ. ಮೂಗಿಗೆ ಮುಟ್ಟುವುದು ಅತ್ಯಲ್ಪ. ಫ್ಲಾರಿಡಾ ವಿಶ್ವವಿದ್ಯಾಲಯದ ಲೆಸ್ಲಿ ಹೆಂಡಲೆಸ್, ರ್‍ಯಾಂಡಿ ಹ್ಯಾಟನ್ ಇದನ್ನು ಪ್ರಶ್ನಿಸಿ 2007ರಲ್ಲಿ ಸರಕಾರಕ್ಕೆ ಅರ್ಜಿ ಕೊಟ್ಟರು, 2015ರಲ್ಲಿ ಮತ್ತೊಮ್ಮೆ ಕೊಟ್ಟರು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ 16 ತಜ್ಞರೂ ಒಂದೇ ಮಾತು ಹೇಳಿದರು: ನುಂಗುವ ಫಿನೈಲ್‌ಎಫ್ರಿನ್‌ನಿಂದ ಮೂಗು ಬಿಡುವುದಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿನ ಔಷಧ ಇಲಾಖೆ ಅದನ್ನು ಒಪ್ಪಿತ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಅದು ಅಪಾಯದ ಮಾತಲ್ಲ, ಪ್ರಯೋಜನವಿಲ್ಲ ಎಂಬ ಮಾತು.

ನಮ್ಮ ದೇಶದಲ್ಲಿ ಬಂದ ಎಚ್ಚರಿಕೆ ಬೇರೆ, ಅದು ಮಕ್ಕಳ ವಿಷಯ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಕೂಡಿದ ಶೀತದ ಮದ್ದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಅಚ್ಚು ಹಾಕಬೇಕು, ಹೀಗೆಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದರು.

ಆದರೆ ಬಾಟಲಿಯ ಮೇಲಿನ ಬರಹ ಹೆಚ್ಚಾಗಿ ಇಂಗ್ಲಿಷಿನದು. ಕನ್ನಡ ಮಾತ್ರ ಓದಬಲ್ಲ ಅಜ್ಜಿ, ಅಳುವ ಮೊಮ್ಮಗುವಿಗೆ ದೊಡ್ಡ ಮಗುವಿನ ಬಾಟಲಿಯಿಂದಲೇ ಅರ್ಧ ಚಮಚ ಕೊಟ್ಟರೆ ಅವರನ್ನು ದೂರುವುದು ಹೇಗೆ? ಮಾಸ್ತರರೇ, ಟೀಚರೇ, ಒಂದು ದಿನದ ಪಾಠ ಇದಕ್ಕಾಗಿ ತೆಗೆದಿಡಿ. ಖಾಲಿ ಪೊಟ್ಟಣಗಳನ್ನು ತರಿಸಿ, ಹೆಸರು, ಪ್ರಮಾಣ, ವಯಸ್ಸು ಓದಿಸಿ. ಶಾಲೆಯಲ್ಲಿ ಓದಿದ ಮಗು ಮನೆಯಲ್ಲಿ ಅಜ್ಜಿಗೆ ಓದಿ ಹೇಳಲಿ. ಎಳೆಯ ಮಕ್ಕಳ ಶೀತಕ್ಕೆ ಡಾಕ್ಟರನ್ನು ಕೇಳಿಯೇ ಮದ್ದು ಕೊಡೋಣ.