ಕಂಪೆನಿ ಸೇರಿದ ಹುಡುಗರು

ನಾಟಕದ ಕಂಪೆನಿಯೊಂದು ಊರ ಹೊರಗಿನ ಬಯಲಿನಲ್ಲಿ ತಗಡಿನ ಥೇಟರು ಕಟ್ಟಿಕೊಂಡು ಎರಡು ಮೂರು ತಿಂಗಳು ಬೀಡುಬಿಟ್ಟಿದ್ದು, ಕೊನೆಗೊಂದು ದಿನ ಪರದೆಗಳನ್ನು ಸುತ್ತಿ ಗಾಡಿಗೇರಿಸಿ ಹೊರಟುಹೋದ ಮೇಲೆ, ಆ ಊರಿನ ಯಾವುದಾದರೊಂದು ಮನೆಯಲ್ಲಿ ಹುಡುಗನೊಬ್ಬನು ಕಾಣೆಯಾಗುವುದು ನಮ್ಮ ಹಿರಿಯರ ಕಾಲದಲ್ಲಿ ಅಷ್ಟೇನೂ ಅಪೂರ್ವವಾದ ಸಂಗತಿಯಾಗಿರಲಿಲ್ಲ. ಅಂಥ ಮನೆಯ ಯಜಮಾನನು ಕೆರೆ ಬಾವಿಗಳನ್ನು ಹುಡುಕಿಸುವುದಕ್ಕೆ ಮುಂಚೆ ಕಂಪೆನಿಯ ಮುಂದಿನ ಮೊಕ್ಕಾಂ ಯಾವ ಊರೆಂದು ವಿಚಾರಿಸುತ್ತಿದ್ದನು.

ಕನ್ನಡದ ವೃತ್ತಿನಾಟಕವು ಹುಟ್ಟಿನಿಂದಲೇ ಸಂಗೀತನಾಟಕವಾಗಿದ್ದಿತು. ಗದುಗಿನಲ್ಲಿ ಶಾಂತಕವಿಗಳು ಕಟ್ಟಿದ ಮಂಡಳಿ, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳ ಶಾಕುಂತಲವನ್ನು ಆಡಿದ ಅರಮನೆಯ ಕಂಪೆನಿ, 1884ರಲ್ಲಿ ಗುಬ್ಬಿಯಲ್ಲಿ ಆರಂಭವಾಗಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ, ಇವೆಲ್ಲವುಗಳಲ್ಲಿಯೂ ಮಾತಿಗಿಂತ ಹಾಡಿನದೇ ಪಾರುಪತ್ಯ. ಸ್ತ್ರೀಯರು ರಂಗವನ್ನೇರುವುದು ಆಗಿನ್ನೂ ವಿರಳವಾಗಿದ್ದುದರಿಂದ ಧ್ರುವ, ಪ್ರಹ್ಲಾದ, ಲೋಹಿತಾಶ್ವ ಮೊದಲಾದ ಬಾಲಪಾರ್ಟುಗಳಿಗಷ್ಟೇ ಅಲ್ಲದೆ ಅಂತಃಪುರದ ಸಖಿಯರಿಗೂ, ಮೀಸೆ ಮೂಡದಿರುವಷ್ಟು ಕಾಲ ನಾಯಿಕೆಗೂ, ಹುಡುಗರೇ ಬೇಕಾಗುತ್ತಿದ್ದರು. ಕಂಪೆನಿಗೆ ಹುಡುಗರ ಹಸಿವು ಎಂದೂ ತೀರಿದ್ದಿಲ್ಲ.

ಹಾಗೆಂದು ಓಡಿಬಂದವರೆಲ್ಲರೂ ಒಳಗೆ ಸೇರಿಬಿಡುತ್ತಿರಲಿಲ್ಲ. ಅಲ್ಲೊಂದು ಪರೀಕ್ಷೆಯಿದ್ದಿತು, ಅದು ರೂಪದ ಪರೀಕ್ಷೆಯಲ್ಲ, ಅಭಿನಯದ ಪರೀಕ್ಷೆಯೂ ಅಲ್ಲ, ಬರಿಯ ಕಂಠದ ಪರೀಕ್ಷೆ. ಹಗಲು ಹೊತ್ತಿನ ಥೇಟರು ನೋಡುವುದಕ್ಕೆ ಬಲು ಬಡವಾದ ಸ್ಥಳ: ರಾತ್ರಿ ಇಂದ್ರಸಭೆಯಾಗಿದ್ದ ಪರದೆ ತಗಡಿನ ಸಂದಿಯ ಬಿಸಿಲಿನಲ್ಲಿ ತೇಪೆಗಳನ್ನೆಲ್ಲ ತೋರಿಸುತ್ತ ನೇತಾಡುತ್ತಿರುತ್ತದೆ. ಮಾಲಿಕರು ಎಲೆಯಡಿಕೆ ಮೆಲ್ಲುತ್ತ ಕುಳಿತಿರುವರು; ಹಾರ್ಮೋನಿಯಂ ಮೇಷ್ಟ್ರು ಕಾಲುಪೆಟ್ಟಿಗೆಯನ್ನು ತುಳಿದು ಶ್ರುತಿ ಹಿಡಿದು, “ಎಲ್ಲಿ, ಒಂದು ಕಂದ ಹೇಳು ಮಗು” ಎನ್ನುವರು. ಅಜ್ಜನ ಬಾಯಿಂದ ಕೇಳಿದ್ದ ಯಾವುದೋ ಪದ್ಯವನ್ನು ಹುಡುಗನು ಕಣ್ಣು ಮುಚ್ಚಿಕೊಂಡು ಆರಂಭಿಸಿದರೆ, ಮೇಷ್ಟ್ರು ಅವನು ಹಾಡುತ್ತಿರುವಂತೆಯೇ ಸದ್ದಿಲ್ಲದೆ ಶ್ರುತಿಯನ್ನು ಒಂದು ಮನೆ ಏರಿಸುವರು. ಅಲ್ಲಿಗೂ ಬಂದನೆಂದರೆ ಇನ್ನೊಂದು ಮನೆ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನ ಕಿವಿಯನ್ನು ಮುಟ್ಟದ ಕಂಠವು ಎಷ್ಟು ಇಂಪಾಗಿದ್ದರೂ ಕಂಪೆನಿಗೆ ನಿರರ್ಥಕವಾದುದು. ಮೂರನೆಯ ಏರಿಗೂ ಹುಡುಗನ ಸ್ವರ ಸೀಳಲಿಲ್ಲವಾದರೆ ಮಾಲಿಕರು ಎದ್ದು ಹೋಗಿ ತಾಂಬೂಲವನ್ನು ಉಗುಳಿಬಂದು, “ಊಟವಾಯಿತೇ?” ಎಂದು ಕೇಳುವರು. ಆಯ್ಕೆಯಾದುದಕ್ಕೆ ಅದೇ ಚಿಹ್ನೆ.

ಕುಣಿತವನ್ನು ಕಲಿಸುವುದು ಆಮೇಲಿನ ಮಾತು. ಹೊಸಬನನ್ನು ಮೊದಲು ನಿಲ್ಲಿಸುತ್ತಿದ್ದುದು ಸಖಿಯರ ಸಾಲಿನಲ್ಲಿ, ಅದೂ ತುತ್ತತುದಿಯಲ್ಲಿ. ಪಕ್ಕದವನ ಪಾದವನ್ನು ಓರೆಗಣ್ಣಿನಿಂದ ನೋಡಿಕೊಂಡು ಹೆಜ್ಜೆ ಹಾಕಿದರೆ ಸಾಕು, ಸೆರಗು ಜಾರಬಾರದು, ಗೆಜ್ಜೆ ತಬಲದ ಮುಂದೆ ಓಡಬಾರದು. ನಾಟ್ಯಶಾಸ್ತ್ರವನ್ನು ಬಲ್ಲವರು ಅದನ್ನು ನೃತ್ಯವೆಂದು ಒಪ್ಪುತ್ತಿರಲಿಲ್ಲವೋ ಏನೋ. ಆದರೆ ನಿನ್ನೆಯವರೆಗೆ ದನದ ಹಿಂದೆ ಓಡಾಡುತ್ತಿದ್ದ ಕಾಲುಗಳು ನಾಲ್ಕು ವಾರಗಳಲ್ಲಿ ಚೌಕದ ನಡೆಯನ್ನು ಹಿಡಿಯುತ್ತಿದ್ದುವಲ್ಲ, ಅದನ್ನು ಕಲಿಸಿದ ಹಳೆಯ ಸ್ತ್ರೀಪಾರ್ಟಿನವರ ತಾಳ್ಮೆಯನ್ನು ಯಾವ ಶಾಸ್ತ್ರಗ್ರಂಥವೂ ಬರೆದಿಡಲಿಲ್ಲವೆಂಬುದು ನನಗೆ ಅನ್ಯಾಯವಾಗಿ ತೋರುತ್ತದೆ.

ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಮೊದಲಾದ ನಾಟಕವು ಕೋಳಿ ಕೂಗುವವರೆಗೂ ನಡೆಯುತ್ತಿದ್ದಿತು. ಬಣ್ಣ ಬಳಿದ ಮುಖದಲ್ಲಿಯೇ ಹುಡುಗರು ಸೈಡ್ ವಿಂಗಿನ ಮರೆಯಲ್ಲಿ ಪೋಷಾಕಿನ ಗಂಟುಗಳ ಮೇಲೆ ಒರಗಿ ಮಲಗುವರು. ಪಾತ್ರ ಬಂದಾಗ ಯಾರೋ ತಟ್ಟಿ ಎಬ್ಬಿಸಿ ಬೆಳಕಿಗೆ ದೂಡುವರು. ಹರಿಶ್ಚಂದ್ರ ನಾಟಕದ ಸ್ಮಶಾನದೃಶ್ಯದಲ್ಲಿ ಚಂದ್ರಮತಿಯ ಶೋಕಕ್ಕೆ ಸಭೆಯೆಲ್ಲ ಕಣ್ಣೀರಿಡುತ್ತಿರಲು ಸತ್ತ ಲೋಹಿತಾಶ್ವನು ಗೊರಕೆ ಹೊಡೆದನೆಂಬ ಕಥೆಯನ್ನು ನಾನು ಬಾಲ್ಯದಲ್ಲಿ ಮೂರು ಬೇರೆ ಬೇರೆ ಕಂಪೆನಿಗಳ ಹೆಸರಿನಲ್ಲಿ ಕೇಳಿದ್ದೇನೆ, ಮೂರೂ ನಿಜವಿದ್ದೀತು.

ಈ ದಾರಿಯಲ್ಲಿ ನಡೆದವರು ಸಾಮಾನ್ಯರಲ್ಲ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನನೆಂಬ ಬಾಲಕನು ಕಂಪೆನಿಯ ನಾಟಕಗಳಲ್ಲಿ ಹಾಡುತ್ತಿದ್ದವನು. ಆ ಕಂಠವನ್ನು ಮೀರಜದ ನೀಲಕಂಠಬುವಾ ಅವರು ಕೈಗೆತ್ತಿಕೊಂಡುದರಿಂದ ಹಿಂದುಸ್ತಾನಿ ಸಂಗೀತಕ್ಕೆ ಮನಸೂರರು ದೊರೆತರು. ಬೆಳಗಾವಿ ಸೀಮೆಯ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಜನರನ್ನು ಮರುಳುಗೊಳಿಸಿ, ಅನಂತರ ಬಸವಣ್ಣನ ಪಾತ್ರಕ್ಕೆ ಹೆಸರಾದರು. ಬಂಟವಾಳದ ಕಡೆಯ ಬಿ. ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪೆನಿಯನ್ನು ಸೇರಿದರು. ಅವರಂತೆಯೇ 1929ರಲ್ಲಿ ಹುಟ್ಟಿದ ಮುತ್ತುರಾಜನೂ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಟರಾಗಿದ್ದ ಅದೇ ಕಂಪೆನಿಯಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರರಾದರು.

ಹೆಸರು ಉಳಿದವರ ಕಥೆ ಇದು. ಉಳಿಯದವರೇ ಹೆಚ್ಚು; ಅವರನ್ನು ಹೊರಗಿಟ್ಟುದು ಬಾಗಿಲು ತೆರೆದ ಆ ಕಂಠವೇ. ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲಿ, ಒಂದು ರಾತ್ರಿ, ನೂರಾರು ಸಲ ಹಾಡಿ ‘ಒನ್ಸ್ ಮೋರ್’ ಪಡೆದ ಪದ್ಯದ ನಡುವಿನಲ್ಲಿಯೇ ಸ್ವರವು ಒಡೆಯುವುದು. ಮೇಷ್ಟ್ರು ತಲೆಯೆತ್ತಿ ನೋಡದೆ ಶ್ರುತಿಯನ್ನು ಇಳಿಸುವರು. ಮರುದಿನ ಪ್ರಹ್ಲಾದನ ಜರಿಯ ಅಂಗಿಯನ್ನು ಇನ್ನೊಬ್ಬನ ಅಳತೆಗೆ ಹೊಲಿಯಲು ಕೊಡುವರು. 1920, 30ರ ದಶಕಗಳಲ್ಲಿ ನಟಿಯರು ಬಂದು, ಬಿ. ಜಯಮ್ಮನವರಂಥವರ ಮುಂದೆ ಸೀರೆಯುಟ್ಟ ಹುಡುಗನು ನಿಲ್ಲುವುದು ಕಷ್ಟವಾದಾಗ, ಇದ್ದೊಂದು ಆಸರೆಯೂ ಸಡಿಲವಾಯಿತು.

ಅಂಥವರಲ್ಲಿ ಕೆಲವರು ಊರಿಗೆ ಮರಳಿದರು. ಮರಳಲು ಮುಖವಿಲ್ಲದವರು ಕಂಪೆನಿಯಲ್ಲಿಯೇ ಉಳಿದು ಪರದೆಯ ಹಗ್ಗ ಹಿಡಿದರು, ಇಲ್ಲವೆ ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಮರೆತವರಿಗೆ ಪಿಸುಗುಟ್ಟಿದರು. ಸಖಿಯರು ಸಾಲಾಗಿ ರಂಗಕ್ಕೆ ಬಂದಾಗ, ಹಗ್ಗ ಹಿಡಿದು ಕತ್ತಲಲ್ಲಿ ನಿಂತವನ ಪಾದವೂ ಆ ಹೆಜ್ಜೆಗಳನ್ನು ಒಂದೂ ತಪ್ಪದೆ ಹಾಕುತ್ತಿದ್ದಿತು.