ಮಧುಚಂದ್ರದ ಬೆಟ್ಟ

ಮದುವೆಯಾದ ಹೊಸತರಲ್ಲಿ ಬೆಟ್ಟದ ಮೇಲೆ ಡೇರೆ ಹೊಡೆದು, ಹಗಲೆಲ್ಲ ಗಿಡಮರ ಹುಡುಕುತ್ತ ಅಲೆದ ದಂಪತಿಗಳು ವಿರಳ. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯ ದ್ವೀಪದಲ್ಲಿ 1906ರಲ್ಲಿ ಹಾಗೆ ಮಾಡಿದವರು ಗುಸ್ಟಾವ್ ವೈನ್‌ಡಾರ್ಫರ್ ಮತ್ತು ಕೇಟ್. ಅವರು ಆಸ್ಟ್ರಿಯದಿಂದ ವಲಸೆ ಬಂದವರು. ಇವರು ಸಸ್ಯಶಾಸ್ತ್ರದ ಹುಚ್ಚಿನವರು, ವಯಸ್ಸಿನಲ್ಲೂ ಗಂಡನಿಗಿಂತ ಹಿರಿಯರು.

ಮಧುಚಂದ್ರ ಕಳೆದದ್ದು ರೋಲೆಂಡ್ ಬೆಟ್ಟದಲ್ಲಿ. ಅಲ್ಲಿಂದ ಅವರ ಕಣ್ಣು ದೂರದ ಕ್ರೇಡಲ್ ಪರ್ವತದತ್ತ ಹೊರಳಿತು. 1910ರ ಜನವರಿಯಲ್ಲಿ ಗೆಳೆಯನೊಬ್ಬನ ಜೊತೆ 1545 ಮೀಟರ್ ಎತ್ತರದ ಆ ಶಿಖರವನ್ನು ಏರಿಯೇಬಿಟ್ಟರು. ಅದನ್ನೇರಿದ ಐರೋಪ್ಯ ಮೂಲದ ಮೊದಲ ಮಹಿಳೆ ಕೇಟ್ ಎನ್ನುತ್ತಾರೆ; ಅದೂ ಉದ್ದ ಲಂಗ ತೊಡುತ್ತಿದ್ದ ಕಾಲದಲ್ಲಿ! ಈ ನೆಲ ಎಂದೆಂದಿಗೂ ಜನರದಾಗಿ ಉಳಿಯಬೇಕೆಂದು ಗುಸ್ಟಾವ್ ಅಲ್ಲೇ ಸಾರಿದರೆಂಬುದು ಪ್ರಸಿದ್ಧ ಕಥೆ. ಅವರ ಹೆಸರಷ್ಟೇ ಮೆರೆದು, ಜೊತೆಗೆ ಹತ್ತಿದಾಕೆ ಹಿಂದೆ ಸರಿದದ್ದು ಮಾತ್ರ ನ್ಯಾಯವಲ್ಲ.

1912ರಲ್ಲಿ ಕಣಿವೆಯಲ್ಲಿ ಮರದ ವಸತಿಗೃಹವೊಂದು ಎದ್ದಿತು. ಹೆಸರು ವಾಲ್ಡ್‌ಹೈಮ್, ಜರ್ಮನ್ ಭಾಷೆಯಲ್ಲಿ 'ಕಾಡಿನ ಮನೆ'. ಸರಿಯಾದ ರಸ್ತೆಯಿಲ್ಲ, ಅತಿಥಿಗಳು ಕೊನೆಯ ಮೈಲಿಗಳನ್ನು ನಡೆದೇ ಬರಬೇಕಿತ್ತು.

ಕೇಟ್ 1916ರಲ್ಲಿ ತೀರಿಕೊಂಡರು. ಸರ್ಕಾರ ಆ ಪ್ರದೇಶವನ್ನು ಮೀಸಲೆಂದು ಘೋಷಿಸಿದ್ದು 1922ರಲ್ಲಿ. 1932ರಲ್ಲಿ ನಿಧನರಾದ ಗುಸ್ಟಾವ್ ಅವರ ಸಮಾಧಿ ವಾಲ್ಡ್‌ಹೈಮ್ ಬಳಿಯೇ ಇದೆ.